ಸಾವ್ಕಾರನ ಹುಗ್ಗಿ

ಕಾರಟಗಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮಾರೆವ್ವನ ಮನೆ. ಅಲ್ಲಿ ಮನುಷ್ಯರ ಚಹಾ ಕುದಿಯುವ ಮೊದಲೇ ಹಿತ್ತಲಲ್ಲಿ ಒಬ್ಬನ ನಾಷ್ಟಾ ಮುಗಿದಿರುತ್ತಿತ್ತು. ಆ ಒಬ್ಬ ಅಂದರೆ ಟಗರು. ಸಾವ್ಕಾರ ಅಂತ ಓಣಿಯವರು ಚೇಷ್ಟೆಗೆ ಇಟ್ಟ ಹೆಸರು, ಆದರೆ ಅದರ ಊಟ ನೋಡಿದವರು ಯಾರೂ ಹೆಸರು ತಪ್ಪು ಅನ್ನುತ್ತಿರಲಿಲ್ಲ. ನೆನೆಸಿದ ಹುರುಳಿ, ಕಡಲೆ, ಗೋವಿನಜೋಳದ ನುಚ್ಚು, ಮೇಲೆ ಹೆಚ್ಚಿದ ಗಜ್ಜರಿ, ಅದರ ಮೇಲೆ ಬಾಳೆಹಣ್ಣು. ಅಮಾವಾಸ್ಯೆಗೊಮ್ಮೆ ದಾಳಿಂಬೆ ಕೂಡ. ಆ ಮನೆಯ ಮನುಷ್ಯರು ದಾಳಿಂಬೆ ಕಾಣುತ್ತಿದ್ದುದು ಯಾರಿಗಾದರೂ ಜ್ವರ ಬಂದು ಮಲಗಿದಾಗ ಮಾತ್ರ.

ಟಗರನ್ನು ಮರಿ ಇದ್ದಾಗ ತಂದವನು ಮಗ ಗಾಳೇಶ, ಕಾಳಗಕ್ಕೆ ಬಿಡಬೇಕೆಂದು. ಗಿರಣಿಗೆ ಭತ್ತ ತರುವ ಟ್ರ್ಯಾಕ್ಟರಿಗೆ ಅವನು ಡ್ರೈವರು. ಸುಗ್ಗಿಯಲ್ಲಿ ಊಟಕ್ಕೂ ಕೆಳಗಿಳಿಯದೆ ದುಡಿಯುತ್ತಿದ್ದ, ಸುಗ್ಗಿ ಮುಗಿದರೆ ಟಗರಿನ ಕೊಂಬಿಗೆ ಎಣ್ಣೆ ತಿಕ್ಕುತ್ತ ಕೂರುತ್ತಿದ್ದ. ಅವನಪ್ಪ ಪಂಪಣ್ಣ ಅದೇ ಗಿರಣಿಯ ಗೇಟು ಕಾಯುವವನು. ಮನೆಯಲ್ಲಿ ದನಿ ಏರಿತೆಂದರೆ ಬೀಡಿ ಹಚ್ಚಿಕೊಂಡು ಹೊರಗೆ ನಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೇವಿನ ಕೆಲಸವೆಲ್ಲ ಸೊಸೆ ಸಹನಾಳದು. ಇರಕಲ್ಲಗಡದ ಅವಳ ತವರಿನವರು ಬಾಣಂತನದ ಹೊತ್ತಿಗೆ ಅವಳಿಗೆ ಎರಡು ಹೆಣ್ಣುಕುರಿ ಕೊಟ್ಟು ಕಳಿಸಿದ್ದರು. ಸಂಜೆ ಕಾಯಿಪಲ್ಲೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಚೀಲ ಹಿಡಿದು ಹೋಗಿ ಅವಳು ಕೋಸಿನ ಎಲೆ, ಬದನೆಯ ತೊಟ್ಟು, ಕಲ್ಲಂಗಡಿಯ ಸಿಪ್ಪೆ, ಮೆತ್ತಗಾದ ಟೊಮೆಟೊ ಆರಿಸಿ ತರುತ್ತಿದ್ದಳು. ಸಿಪ್ಪೆ ಅವಳ ಕುರಿಗೆ, ಹಣ್ಣು ಅವನ ಟಗರಿಗೆ.

ತಿನ್ನಿಸುವ ಕೆಲಸ ಮಾತ್ರ ಮಾರೆವ್ವ ಯಾರಿಗೂ ಬಿಡುತ್ತಿರಲಿಲ್ಲ. ಬುಟ್ಟಿಯಲ್ಲಿ ಹಾಕಿದರೂ ಅದು ತಿನ್ನುತ್ತಿತ್ತು, ಆದರೆ ಅವಳಿಗೆ ತೃಪ್ತಿಯಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಣ್ಣು ಮುರಿದು, ಅಂಗೈಯಲ್ಲಿಟ್ಟು ಬಾಯಿಗೆ ಹಿಡಿಯಬೇಕು. ಮಗನನ್ನೂ ಹಾಗೆಯೇ ಬೆಳೆಸಿದವಳು. ಮೀಸೆ ಮೂಡುವವರೆಗೂ ಗಾಳೇಶನಿಗೆ ಕೈತುತ್ತು ತಪ್ಪಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಮಾರೆವ್ವನ ಮುದ್ದು ಹೆಗ್ಗಣದಿಂದ ಟಗರಿನವರೆಗೂ ಹರಿದಿತ್ತು.

ಹಿತ್ತಲ ಗೋಡೆಯ ಆಚೆ ಅಬೇದಾಬಿಯ ಮನೆ. ಕುರಿ ಸಾಕುತ್ತಲೇ ಮುದುಕಿಯಾದವಳು. ಗೋಡೆಯ ಮೇಲೆ ಮೊಳಕೈ ಊರಿ ಅವಳು ಹೇಳಿದ್ದಳು.

"ಮಾರೆವ್ವಕ್ಕ, ಟಗರಿಗೆ ಕೈಯಾಗ ತಿನ್ನಸಬ್ಯಾಡ. ಕೈಯಾಗ ತಿಂದ ಟಗರಿಗೆ ಮನುಷ್ಯಾರ ಅಂಜಿಕಿ ಹೋಗ್ತೈತಿ. ಆಮ್ಯಾಲ ಎದುರು ಬಂದೋರನ್ನೆಲ್ಲ ಗುದ್ದತೈತಿ."

"ನನ್ನ ಗುದ್ದಂಗಿಲ್ಲ ತಗೋ."

"ನಿನ್ನ ಗುದ್ದಂಗಿಲ್ಲ. ಮಂದೀನ ಗುದ್ದತೈತಿ. ನಾ ಹೇಳಾಕ ಹತ್ತಿದ್ದು ಅದನ್ನ."

ಹಾಗೇ ಆಯಿತು. ಹಿಕ್ಕೆ ಗುಡಿಸಲು ಬಗ್ಗಿದ ಪಂಪಣ್ಣನನ್ನು ಅದು ಹಿಂದಿನಿಂದ ಗುದ್ದಿ ಬಚ್ಚಲ ಕಲ್ಲಿನ ಮೇಲೆ ಕೆಡವಿತು. ಗ್ಯಾಸಿನ ಸಿಲಿಂಡರು ಹೊತ್ತು ತಂದವನ ಮೊಣಕಾಲು ಬಾತುಕೊಂಡಿತು. ಓಣಿಯ ಮಕ್ಕಳು ಮಾರೆವ್ವನ ಮನೆಯ ಮುಂದೆ ಓಡಿಯೇ ದಾಟುವುದನ್ನು ಕಲಿತರು. ಗಾಳೇಶನಿಗೆ ಇದೆಲ್ಲ ಹೆಮ್ಮೆ. "ಮನ್ಯಾಗ ಹಿಂಗ ಗುದ್ದಾಂವ ಕಣದಾಗ ಹ್ಯಾಂಗ ಗುದ್ದತಾನ ನೋಡ್ರಿ" ಎನ್ನುತ್ತಿದ್ದ.

ಸಹನಾಳಿಗೆ ಮೊದಲ ಏಟು ಬಿದ್ದದ್ದು ಒಂದು ಬಾಳೆಹಣ್ಣಿನ ಸಲುವಾಗಿ. ಗಾಳೇಶ-ಸಹನಾರ ಮಗಳು ಅಂಜಲಿ ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಟಗರಿನ ಬುಟ್ಟಿ ತುಂಬುತ್ತಿದ್ದ ಅವ್ವನ ಸೆರಗು ಎಳೆದು ಹಣ್ಣು ಕೇಳಿತು. ಸಹನಾ ಒಂದನ್ನು ಸುಲಿದು ಕೊಟ್ಟಳು. ಹಲ್ಲುಜ್ಜುತ್ತ ಹಿತ್ತಲಿಗೆ ಬಂದ ಗಾಳೇಶ ಸಿಪ್ಪೆ ನೋಡಿದ.

"ಇದನ್ನ ಯಾರು ತಿಂದ್ರು?"

"ಅಂಜಲಿಗೆ ಕೊಟ್ಟೆ. ಕೂಸು ಕೇಳ್ತು."

"ಅದು ಟಗರಿಂದು."

"ಟಗರಿಗೆ ಇನ್ನೊಂದು ಐತಲ್ಲ. ಮಗಳಿಗೆ ಇದ್ದದ್ದು ಅದೊಂದ."

ಬಾಯಲ್ಲಿದ್ದ ನೊರೆಯನ್ನು ಉಗಿದು ಅವಳ ಕೆನ್ನೆಗೆ ಬಾರಿಸಿದ. ಕೂಸಿನ ಕೈಯಿಂದ ಅರ್ಧ ಹಣ್ಣು ನೆಲಕ್ಕೆ ಬಿತ್ತು. ಟಗರು ಅದನ್ನೂ ಎತ್ತಿಕೊಂಡಿತು.

"ಬಿಡೋ ತಮ್ಮಾ, ಕೂಸು ನೋಡಾಕ ಹತ್ತೈತಿ," ಅಂದಳು ಮಾರೆವ್ವ.

ಅವಳು ಹೇಳಿದ್ದು ಅಷ್ಟೇ. ಹೊಡೀಬೇಡ ಅನ್ನಲಿಲ್ಲ, ಕೂಸು ನೋಡುತ್ತಿದೆ ಅಂದಳು. ಆಮೇಲೆ ಸೊಸೆಯ ಕೆನ್ನೆಗೆ ತಣ್ಣೀರ ಬಟ್ಟೆ ಒತ್ತುತ್ತ ಬುದ್ಧಿ ಹೇಳಿದ್ದೂ ಸೊಸೆಗೇ. "ಅಂವ ಸಿಟ್ಟಿನಾಗ ಇದ್ದಾಗ ಎದುರು ಮಾತಾಡಬಾರ್ದವ್ವ."

"ಎದುರು ಎಲ್ಲಿ ಮಾತಾಡೇನಿ ಅತ್ತಿ. ಕೇಳಿದ್ದಕ್ಕ ಹೇಳೇನಿ," ಅಂದಳು ಸಹನಾ.

ಕುಷ್ಟಗಿಯ ಹೊರಗಿನ ಬಯಲಲ್ಲಿ ಹುಡುಗರು ಕಾಳಗ ಇಟ್ಟುಕೊಂಡಿದ್ದರು. ಗಾಳೇಶ ತಿಂಗಳ ಮೊದಲೇ ಓಣಿಗೆಲ್ಲ ಸಾರಿದ. ಗಿರಣಿಯಲ್ಲಿ ಅವನ ಜೊತೆಯವರು ಬರುತ್ತೇವೆಂದರು. ಹಿಂದಿನ ದಿನ ಸಹನಾ ಮಾರುಕಟ್ಟೆಗೆ ಹೊರಡುವಾಗ ಅತ್ತೆಗೆ ಎರಡೆರಡು ಸಲ ಹೇಳಿದಳು.

"ಇವತ್ತು ಅದಕ್ಕ ಒಣ ತೊಗರಿಹೊಟ್ಟು, ಒಂದು ಮುಷ್ಟಿ ಕಡ್ಲಿ, ನೀರು. ಹೊಸಾದು ಏನೂ ತಿನ್ನಸಬ್ಯಾಡ್ರಿ ಅತ್ತಿ. ಕಾಳು ಹೆಚ್ಚಾದ್ರ ಕುರಿ ಹೊಟ್ಟಿ ಹುಳಿ ಬರ್ತೈತಿ. ನಮ್ಮೂರಾಗ ಹಂಗ ಸತ್ತದ್ದು ನೋಡೇನಿ."

"ಆತು ಹೋಗಬೇ. ನನಗ ಹೇಳಾಕ ಬಂದ್ಳು."

ಅಂದು ಗಿರಣಿ ಮಾಲೀಕರ ಮನೆಯಲ್ಲಿ ತೊಟ್ಟಿಲ ಕಾರ್ಯ. ಪಾತ್ರೆ ತಿಕ್ಕಲು ಹೋಗಿದ್ದ ಮಾರೆವ್ವನಿಗೆ ಒಂದು ಕ್ಯಾನು ತುಂಬ ಗೋಧಿ ಹುಗ್ಗಿ ಕೊಟ್ಟು ಕಳಿಸಿದ್ದರು. ಬೆಲ್ಲ, ಗಸಗಸೆ, ಒಣಕೊಬ್ಬರಿ ಬಿದ್ದ ಹುಗ್ಗಿ. ಅದರ ಘಮಕ್ಕೆ ಟಗರು ಹಗ್ಗ ಜಗ್ಗಿ ಬಂದು ಅವಳ ಸೊಂಟಕ್ಕೆ ಮೂತಿ ಹಚ್ಚಿತು. ಒಣ ಹೊಟ್ಟಿನ ಬುಟ್ಟಿ ಹಾಗೇ ಇತ್ತು. ಮಾರೆವ್ವ ಕ್ಯಾನಿನ ಮುಚ್ಚಳ ತೆಗೆದಳು. ನಾಳೆ ಕಾಳಗಕ್ಕೆ ಹೋಗುವವನು, ಇವತ್ತು ಕಸ ಮೇಯಬೇಕೇ. ಒಂದು ಹಿಡಿ ಕೊಟ್ಟಳು. ಅಂಗೈ ನೆಕ್ಕಿತು. ಇನ್ನೊಂದು ಹಿಡಿ ಕೊಟ್ಟಳು. ಮಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೊರಟಾಗಲೂ ಹೀಗೆಯೇ ತಿನ್ನಿಸಿ ಕಳಿಸಿದ್ದಳು, ಅವನು ಪರೀಕ್ಷೆಯ ಕೋಣೆಯಲ್ಲಿ ನಿದ್ದೆ ಮಾಡಿ ಬಂದಿದ್ದ. ಅದು ಆಗ ಅವಳ ನೆನಪಿಗೆ ಬರಲಿಲ್ಲ. ಕ್ಯಾನು ಬರಿದಾದ ಮೇಲೆ ತೊಳೆದು ಗೋಡೆಗೆ ಬೋರಲು ಹಾಕಿದಳು. ಸೊಸೆ ಚೀಲ ಹೊತ್ತು ಬಂದಾಗ ಟಗರು ಕಣ್ಣು ಮುಚ್ಚಿ ಮಲಗಿತ್ತು.

"ತಿಂತೇನು ಅತ್ತಿ?"

"ತಿಂತು."

ಮರುದಿನ ಮಧ್ಯಾಹ್ನ ಟಾಟಾ ಏಸ್ ಗಾಡಿ ಓಣಿಗೆ ಬಂದು ನಿಂತಾಗ ಮಾರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೋಗುವಾಗ ಇದ್ದ ಹಲಗೆ ಬಾರಿಸುವ ಸದ್ದು ಬರುವಾಗ ಇರಲಿಲ್ಲ. ಟಗರನ್ನು ನಾಲ್ಕು ಜನ ಎತ್ತಿ ಇಳಿಸಿದರು. ಹೊಟ್ಟೆ ಎಡಕ್ಕೆ ಉಬ್ಬಿ ಗುಡ್ಡವಾಗಿತ್ತು, ಹಲ್ಲು ಕಡಿಯುತ್ತಿತ್ತು. ಕಣದಲ್ಲಿ ಬಿಟ್ಟಾಗ ಸಾವ್ಕಾರ ಎರಡು ಹೆಜ್ಜೆ ಇಟ್ಟು ನಿಂತನಂತೆ. ಎದುರಿನ ಟಗರು ಬಂದು ಗುದ್ದಿದ ಕೂಡಲೇ ಮಗುಚಿ ಬಿದ್ದು, ಎದ್ದು, ಬೆನ್ನು ತೋರಿಸಿ ಜನರ ಕಾಲ ಸಂದಿಗೆ ನುಗ್ಗಿದನಂತೆ. ನಗು ಇನ್ನೂ ಗಾಳೇಶನ ಕಿವಿಯಲ್ಲಿತ್ತು. ಅವನ ಜೊತೆ ಹೋದವರೂ ನಕ್ಕಿದ್ದರು.

ಅಬೇದಾಬಿ ಗೋಡೆ ಸುತ್ತಿಕೊಂಡು ಓಡಿ ಬಂದು ಸೋಡಾಪುಡಿ ಕಲಸಿ ಕುಡಿಸಿದಳು, ಎಣ್ಣೆ ಹಾಕಿದಳು, ಹೊಟ್ಟೆ ತಿಕ್ಕಿದಳು. ಟಗರು ಕೆಮ್ಮಿ ಒಂದಿಷ್ಟು ಕಕ್ಕಿತು. ಗಾಳೇಶ ಬಗ್ಗಿ ಅದನ್ನು ಬೆರಳಲ್ಲಿ ಎತ್ತಿ ನೋಡಿದ. ಗೋಧಿ, ಕೊಬ್ಬರಿಯ ಚೂರು.

"ಹುಗ್ಗಿ," ಅಂದ. ತಲೆ ಎತ್ತಿ ಹೆಂಡತಿಯನ್ನು ನೋಡಿದ. "ಹುಗ್ಗಿ ತಿನ್ನಿಸಿದಿ ನನ್ನ ಟಗರಿಗೆ?"

"ನಾ ಒಣ ಹೊಟ್ಟು ಹಾಕಿಟ್ಟು ಹೋಗಿದ್ದೆ."

"ಮತ್ತ ಇದು ಮ್ಯಾಲಿಂದ ಬಿತ್ತೇನು? ಬಾಳೆಹಣ್ಣಿನ ಸಿಟ್ಟು ಹಿಂಗ ತೀರಿಸ್ಕೊಂಡಿಯೇನು?"

ಸಹನಾ ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯ ಕಡೆ ನೋಡಿದಳು. ಹಿಂದೆ ಗೋಡೆಗೆ ಕ್ಯಾನು ಬೋರಲಾಗಿತ್ತು. ಮಾರೆವ್ವನ ಕೈ ತುಂಬ ಹಿಟ್ಟಿತ್ತು. ಒಂದು ಮಾತು ಸಾಕಿತ್ತು. ನಾನು ತಿನ್ನಿಸಿದೆ ತಮ್ಮಾ ಅಂದಿದ್ದರೆ ಅವನು ನಾಲ್ಕು ಬಾರಿ ಬೈದು, ಊಟ ಬಿಟ್ಟು ಮಲಗುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಆದರೂ ಬಾಯಿ ಏಳಲಿಲ್ಲ. ಮಗನ ಕಣ್ಣಲ್ಲಿ ತಾನು ಕೆಟ್ಟವಳಾಗುವುದು ಅವಳಿಗೆ ಬೇಡವಾಗಿತ್ತು. ಸೊಸೆ ಹೇಳಿಬಿಟ್ಟಾಳು ಎಂದು ಅಂಜಿದಳು. ಸೊಸೆ ಹೇಳಲಿಲ್ಲ.

ಗಾಳೇಶ ಟಗರಿನ ಗೂಟ ಕಿತ್ತ. ಮೊದಲ ಏಟು ಬೆನ್ನಿಗೆ. ಎರಡನೆಯದಕ್ಕೆ ಅವಳು ತಿರುಗಿದ್ದರಿಂದ ಪಕ್ಕೆಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದಾಯಿತು, ಮುರಿದದ್ದು ಗೂಟವಲ್ಲ. ಅವಳು ಕೂತಳು. ಕೂತವಳ ಭುಜಕ್ಕೆ ಒದ್ದ. ಅಬೇದಾಬಿ ನಡುವೆ ಬಿದ್ದು ಕೂಗಿಕೊಂಡಳು. "ಬಿಡೋ ಹರಾಮಿ, ಸಾಯ್ತಾಳ ಅಕಿ." ಆಮೇಲೆ ಮಾರೆವ್ವ ಹೋಗಿ ಮಗನ ರಟ್ಟೆ ಹಿಡಿದಳು. ಅಂಜಲಿ ನೀರಿನ ಪಿಪಾಯಿಯ ಹಿಂದೆ ಅಡಗಿತ್ತು. ಪಂಪಣ್ಣ ಆಗಲೇ ಓಣಿಯ ತುದಿಗೆ ಹೋಗಿ ಬೀಡಿ ಸೇದುತ್ತಿದ್ದ.

ಉಸಿರು ಎಳೆದಾಗಲೆಲ್ಲ ಸಹನಾ ನರಳುತ್ತಿದ್ದಳು. ಗಂಗಾವತಿಯ ಆಸ್ಪತ್ರೆಗೆ ಅದೇ ಟಾಟಾ ಏಸಿನಲ್ಲಿ ಕರೆದೊಯ್ದರು. ದಾರಿಯಲ್ಲಿ ಪಂಪಣ್ಣ ಹೆಂಡತಿಗೆ ಮೆಲ್ಲಗೆ ಹೇಳಿದ.

"ಟಗರು ಗುದ್ದಿತು ಅನ್ನೂಣು. ಓಣಿಗೆಲ್ಲ ಗೊತ್ತೈತಿ ಅದು ಗುದ್ದತೈತಿ ಅಂತ. ಹುಡುಗ ಜೇಲಿಗೆ ಹೋಗೋದು ಬ್ಯಾಡ."

ಮಾರೆವ್ವನ ಬಾಯಲ್ಲಿ ಎಡಕ್ಕೆ ಒಂದು ಹಲ್ಲಿಲ್ಲ. ಪ್ರಾಯದಲ್ಲಿ ನೀರೆತ್ತುವ ಬೋರಿಂಗಿನ ಹಿಡಿಕೆ ಬಡಿದು ಹೋದದ್ದು ಎಂದು ಅವಳ ಅತ್ತೆ ಓಣಿಗೆಲ್ಲ ಹೇಳಿದ್ದಳು. ಬಡಿದವನು ಈಗ ಎದುರಿಗೆ ಕೂತು ಹುಡುಗ ಜೇಲಿಗೆ ಹೋಗಬಾರದು ಅನ್ನುತ್ತಿದ್ದ. ಬೋರಿಂಗಿಗೆ ಮಾತು ಬರುವುದಿಲ್ಲ, ಟಗರಿಗೂ ಬರುವುದಿಲ್ಲ. ಎಂಥ ಅನುಕೂಲ ನೋಡಿ.

ಡಾಕ್ಟರಮ್ಮ ಪಕ್ಕೆ ಮುಟ್ಟಿ ನೋಡಿ, "ಏನಾಯ್ತು?" ಅಂದಳು. ಸಹನಾಳನ್ನೇ ಕೇಳಿದ್ದು. ಮಾರೆವ್ವ ಉತ್ತರ ಕೊಟ್ಟಳು.

"ಟಗರು ಗುದ್ದಿತ್ರಿ."

"ಬೆನ್ನಿಗೂ ಗುದ್ದಿತಾ?"

"ಭಾಳ ಮಸ್ತಿ ಐತ್ರಿ ಅದಕ್ಕ. ಕಾಳಗದ್ದು."

ಡಾಕ್ಟರಮ್ಮ ಸಹನಾಳ ಮುಖ ನೋಡಿದಳು. ಸಹನಾ ಗೋಡೆಯ ಕಡೆ ತಿರುಗಿದಳು. ಎರಡು ಎಲುಬು ಮುರಿದಿದ್ದವು.

ಸುದ್ದಿ ಇರಕಲ್ಲಗಡಕ್ಕೆ ಟಗರಿನ ಹೆಸರಿನಲ್ಲೇ ಹೋಯಿತು. ವಾರದೊಳಗೆ ಸಹನಾಳ ಅಣ್ಣ ತಿರುಮಲೇಶ ಬಂದ. ಹೊಲ ಮನೆ ಇದ್ದವನು, ದೊಡ್ಡ ಮಾತಿನವನು, ತಂಗಿಯ ಮೇಲೆ ನಿಜಕ್ಕೂ ಜೀವ ಇಟ್ಟವನು. ಅವಳು ಎದೆಗೆ ಪಟ್ಟಿ ಸುತ್ತಿಕೊಂಡು ಗೋಡೆಗೊರಗಿ ಕೂತದ್ದು ನೋಡಿ ಅವನ ಕಣ್ಣು ಕೆಂಪಾದವು.

"ನಿಮ್ಮ ಟಗರು ನಿಮಗ ಹೆಚ್ಚೋ ನಮ್ಮ ಹುಡುಗಿ ಹೆಚ್ಚೋ ಹೇಳ್ರಿ ಮಾವಾ," ಅಂದ ಪಂಪಣ್ಣನಿಗೆ. "ಅದನ್ನ ಇವತ್ತ ಕಡೀರಿ. ಇಲ್ಲಂದ್ರ ನಮ್ಮ ತಂಗೀನ, ಕೂಸಿನ್ನ ಕರ್ಕೊಂಡು ಹೋಗ್ತೀನಿ."

ಟಗರು ಅಷ್ಟರಲ್ಲಿ ಚೇತರಿಸಿಕೊಂಡು ಕೋಸಿನ ಎಲೆ ತಿನ್ನುತ್ತಿತ್ತು. ಎಲ್ಲರೂ ಗಾಳೇಶನ ಕಡೆ ನೋಡಿದರು. ಜೀವ ಹೋದರೂ ಒಪ್ಪಲಾರ ಎಂದುಕೊಂಡಿದ್ದಳು ಮಾರೆವ್ವ. ಅವನು ಒಪ್ಪಿದ. "ಆತು ಕಡೀರಿ. ಮನುಷ್ಯಾರಿಗಿಂತ ಹೆಚ್ಚೇನದು," ಅಂದ.

ಸಹನಾ ಅಣ್ಣನ ಕಡೆ ನೋಡಿದಳು. "ಅಣ್ಣಾ, ಟಗರು..." ಎಂದು ಬಾಯಿ ತೆರೆದಳು. ಮಾರೆವ್ವ ನಡುವೆ ಬಂದು ಅವಳ ಕೈಗೆ ಚಹಾದ ಲೋಟ ಕೊಟ್ಟಳು. "ಮಾತಾಡಬ್ಯಾಡವ್ವ, ಪಕ್ಕಿ ನೋಯ್ತೈತಿ." ಸೊಸೆ ಲೋಟ ಹಿಡಿದುಕೊಂಡು ಅತ್ತೆಯನ್ನು ನೋಡುತ್ತಲೇ ಇದ್ದಳು. ಚಹಾ ಆರಿಹೋಯಿತು.

ಕಡಿಯಲು ಅಬೇದಾಬಿಯ ಮಗ ಖಲಂದರ ಬಂದ. ಮಾಂಸದಂಗಡಿಯವನು. ಆದರೆ ಟಗರು ಅವನನ್ನು ಹತ್ತಿರ ಬಿಡಲಿಲ್ಲ. ತಿರುಮಲೇಶ ಹಗ್ಗ ಹಿಡಿಯಲು ಹೋದರೆ ಅವನ ತೊಡೆಗೆ ಗುದ್ದಿತು. ಗಾಳೇಶ ಕರೆದರೂ ಬರಲಿಲ್ಲ, ಕೊಂಬು ಬಗ್ಗಿಸಿ ಮೂಲೆಗೆ ನಿಂತಿತು.

"ಯವ್ವಾ, ನೀ ಕರಿ. ನಿನ್ನ ಕೈಗೆ ಬರ್ತೈತಿ," ಅಂದ ಗಾಳೇಶ.

ಮಾರೆವ್ವ ಬಾಳೆಹಣ್ಣು ಸುಲಿದು ಅಂಗೈಯಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. "ಬಾರೋ ಸಾವ್ಕಾರ" ಅಂದಳು. ಟಗರು ಕೊಂಬು ಎತ್ತಿ ನೇರ ಅವಳ ಹತ್ತಿರ ಬಂತು. ಅದರ ಮೂತಿ ಅವಳ ಅಂಗೈಯಲ್ಲಿದ್ದಾಗಲೇ ಹಿಂದಿನಿಂದ ಮೂವರು ಬಿದ್ದು ಕೆಡವಿದರು. ಗಾಳೇಶ ಹಿಂಗಾಲು ಒತ್ತಿ ಹಿಡಿದ. ಖಲಂದರನ ಕೈ ಚುರುಕು, ಆದರೆ ಟಗರಿನ ಜೀವ ಗಟ್ಟಿ. ಅದು ಒದೆಯುತ್ತಿದ್ದಾಗ ಬಿಸಿ ರಕ್ತ ಚಿಮ್ಮಿ ಮಾರೆವ್ವನ ಮೊಳಕೈವರೆಗೆ ಬಂತು. ಹಣ್ಣು ಇನ್ನೂ ಅದರ ಬಾಯಲ್ಲಿತ್ತು, ನುಂಗಿರಲಿಲ್ಲ. ಮಾರೆವ್ವ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು, ಮತ್ತೆ ತೊಳೆದಳು, ಆಮೇಲೆ ಮಸಾಲೆ ಅರೆಯಲು ಕೂತಳು. ಅತಿಥಿ ಮನೆಯಲ್ಲಿದ್ದಾನೆ, ಅಡುಗೆ ಆಗಬೇಕಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಯನ್ನು ಕಡಿದು ಎತ್ತಿಗೇ ಬಡಿಸಿದರು. ಗಾಳೇಶ ಎರಡು ಸಲ ಸಾರು ಹಾಕಿಸಿಕೊಂಡ. ತಿರುಮಲೇಶ ನಲ್ಲಿಮೂಳೆ ಕುಟ್ಟಿ ಹೀರುತ್ತ, "ನನ್ನ ತಂಗೀನ ಗುದ್ದಿದ್ದಿಯಲ್ಲ ಮಗನ, ಈಗ ಗುದ್ದು," ಅಂದ. ಗಂಡಸರು ನಕ್ಕರು. ಗಾಳೇಶನೂ ನಕ್ಕ. ಸಹನಾ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡಳು. ಮಾರೆವ್ವ ಅವಳ ತಾಟಿಗೆ ತುಂಡು ಹಾಕಲು ಸೌಟು ಚಾಚಿದಾಗ ತಾಟಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು.

"ಇನ್ನೊಂದು ಸಲ ಹೊಡದ್ರ ಯಾರ ಹೆಸರು ಹೇಳ್ತೀರಿ ಅತ್ತಿ? ನಿಮಗ ಹೇಳಾಕ ಟಗರೂ ಇಲ್ಲ ಇನ್ನ."

ಮಾರೆವ್ವನಿಗೆ ಸಾರಿನ ಪಾತ್ರೆ ಭಾರವೆನಿಸಿತು. ಸಾಯಬೇಕು ಅನ್ನಿಸುವಷ್ಟು ನಾಚಿಕೆಯಾಯಿತು. ಆದರೂ ಮುಂದಿನ ತಾಟಿಗೆ ಹೋಗಿ ಬಡಿಸಿದಳು.

ತಿರುಮಲೇಶ ನೆಮ್ಮದಿಯಿಂದ ಊರಿಗೆ ಹೋದ. ಗಿರಣಿಯಲ್ಲಿ ಮಾತ್ರ ಗಾಳೇಶನಿಗೆ ನೆಮ್ಮದಿ ಇರಲಿಲ್ಲ. ಹಮಾಲರು ಅವನಿಗೆ ಹುಗ್ಗಿ ಪೈಲವಾನ ಎಂದು ಹೆಸರಿಟ್ಟರು. ಟ್ರ್ಯಾಕ್ಟರು ಗೇಟಿಗೆ ಬಂದರೆ ಯಾರೋ ಒಬ್ಬ ಚೀಲದ ಮರೆಯಿಂದ ಟಗರಿನ ಹಾಗೆ ಕೂಗುತ್ತಿದ್ದ. ಒಬ್ಬನ ಮೂಗು ಒಡೆದು ಬಂದ. ಇನ್ನೊಬ್ಬನಿಂದ ತುಟಿ ಒಡೆಸಿಕೊಂಡು ಬಂದ. ಕುಡಿತ ಹೆಚ್ಚಾಯಿತು. ಮನೆಯಲ್ಲಿ ತಾಟು ಹಾರುವುದು, ಬಾಗಿಲು ಬಡಿಯುವುದು ದಿನದ ಮಾತಾಯಿತು. ಸಹನಾ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಚೀಲ ಹಿಡಿದು ಮಾರುಕಟ್ಟೆಗೆ ಹೋಗತೊಡಗಿದಳು. ಸಿಪ್ಪೆ ಹಣ್ಣು ಎಲ್ಲ ಈಗ ಅವಳ ಎರಡು ಕುರಿಗಳಿಗೆ. ಎರಡೂ ಗಬ್ಬವಾಗಿದ್ದವು. ಅವಕ್ಕೆ ಅವಳು ಬುಟ್ಟಿಯಲ್ಲೇ ಹಾಕುತ್ತಿದ್ದಳು, ಯಾರೂ ಕೈಯಲ್ಲಿ ತಿನ್ನಿಸುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗಾಳೇಶ ಊಟಕ್ಕೆ ಕೂತ. ಪಕ್ಕದಲ್ಲಿ ಪಂಪಣ್ಣ. ಮಾರೆವ್ವ ಒಲೆಯ ಮುಂದೆ ರೊಟ್ಟಿ ಬೇಯಿಸಿ ಹಾಕುತ್ತಿದ್ದಳು, ಸಹನಾ ಬಡಿಸುತ್ತಿದ್ದಳು.

"ಯಲಬುರ್ಗಿಯಾಗ ಒಂದು ಟಗರು ನೋಡೇನಿ," ಅಂದ ಗಾಳೇಶ. "ಈ ಎರಡೂ ಕುರಿ ಕೊಟ್ಟು ಅದನ್ನ ತರ್ತೀನಿ. ಸಂಜಿಗೆ ಗಾಡಿ ಬರ್ತೈತಿ."

"ಅವು ಕೊಡಂಗಿಲ್ಲ," ಅಂದಳು ಸಹನಾ.

"ನಿನ್ನ ಕೇಳಿಲ್ಲ ನಾನು."

"ಅವು ನಮ್ಮ ತವರಮನಿಯವು. ಗಬ್ಬ ಅದಾವು. ಕೊಡಂಗಿಲ್ಲ."

ಗಾಳೇಶ ರೊಟ್ಟಿ ಕೆಳಗಿಟ್ಟ. "ನನ್ನ ಟಗರು ಕೊಂದಾಕಿ ನೀನು. ನಿನ್ನ ಕುರಿ ಕೊಟ್ಟ ತುಂಬಿ ಕೊಡಬೇಕು. ಹುಗ್ಗಿ ತಿನ್ನಿಸಿ ನನ್ನ ಮಾನ ಕಳದಿ."

"ಅವತ್ತು ಹುಗ್ಗಿ ತಿನ್ನಿಸಿದ್ದು ನಾನಲ್ಲ."

ಒಲೆಯ ಮುಂದಿಂದ ಮಾರೆವ್ವನ ದನಿ ಬಂತು. ಅವಳಿಗೇ ಅದು ಬೇರೆಯವರ ದನಿಯಂತೆ ಕೇಳಿಸಿತು.

"ನಾನು ತಿನ್ನಿಸಿದ್ದು ತಮ್ಮಾ. ತೊಟ್ಟಿಲ ಮನೀಂದ ತಂದಿದ್ದೆ. ಅಕಿ ಬ್ಯಾಡ ಅಂತ ಹೇಳಿ ಹೋಗಿದ್ಲು. ನಾನ ಕೇಳಲಿಲ್ಲ."

ಹೇಳಿದ ಮೇಲೆ ಎದೆ ಹಗುರವಾಯಿತು. ಇನ್ನು ಮಗ ತನ್ನ ಮೇಲೆ ಕೂಗುತ್ತಾನೆ, ಸೊಸೆಯನ್ನು ಬಿಡುತ್ತಾನೆ ಎಂದುಕೊಂಡಳು. ಅಷ್ಟು ದಿನ ಬಚ್ಚಿಟ್ಟ ಸತ್ಯಕ್ಕೆ ಅಷ್ಟಾದರೂ ಬೆಲೆ ಇರಬೇಕಲ್ಲ. ಗಾಳೇಶ ಅವ್ವನ ಕಡೆ ನೋಡಿದ, ನಂಬಿದ ಎನ್ನುವುದು ಅವನ ಮುಖದಲ್ಲಿ ಕಂಡಿತು. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಯಾರರ ತಿನ್ನಸ್ಲಿ. ಮೇವು ನೋಡ್ಕೊಳ್ಳೋದು ಇಕಿ ಕೆಲಸ."

ಪಲ್ಯದ ಬೋಗುಣಿಯನ್ನು ಅವಳ ಮುಖಕ್ಕೆ ಎಸೆದ. ಅವಳು ಕೈ ಅಡ್ಡ ತಂದಳು. ಜಡೆ ಹಿಡಿದು ನೆಲಕ್ಕೆ ಕೆಡವಿ, ಹಳೆಯ ನೋವಿನ ಪಕ್ಕೆಗೆ ಹುಡುಕಿ ಒದ್ದ. ಹೌದು, ಹುಡುಕಿ ಒದ್ದ. ಪಂಪಣ್ಣ ತಾಟಿನಲ್ಲಿ ಕೈ ತೊಳೆದು ಎದ್ದ, ಬೀಡಿಗೆ ಜೇಬು ತಡಕಿದ. ಅಂಜಲಿ ಅಳಲಿಲ್ಲ, ಸೀದಾ ಪಿಪಾಯಿಯ ಹಿಂದೆ ಹೋಗಿ ಕೂತಿತು. ಅದಕ್ಕೆ ಜಾಗ ರೂಢಿಯಾಗಿತ್ತು.

ಮಾರೆವ್ವ ಬಟ್ಟೆ ಹುಡುಕಲಿಲ್ಲ. ಬೆಂಕಿಯ ಮೇಲಿದ್ದ ಕಬ್ಬಿಣದ ಹಂಚನ್ನು ಸೆರಗಿನ ತುದಿಯಲ್ಲಿ ಹಿಡಿದು ಎತ್ತಿದಳು. ಅದರ ಮೇಲಿನ ರೊಟ್ಟಿ ಜಾರಿ ಒಲೆಗೆ ಬಿತ್ತು. ಗಾಳೇಶ ಮತ್ತೆ ಕೈ ಎತ್ತಿದ್ದ. ಎತ್ತಿದ ಕೈಯ ಮುಂಗೈಗೆ ಹಂಚು ಬಿತ್ತು. ಚರ್ಮ ಚುರುಗುಟ್ಟಿತು, ಎಲುಬು ಸದ್ದು ಮಾಡಿತು. ಅವನು ತಿರುಗಿ ನೋಡಿ, ಹೊಡೆದವಳು ಯಾರೆಂದು ತಿಳಿದು, ನೋವಿಗಿಂತ ಹೆಚ್ಚು ಆಶ್ಚರ್ಯದಿಂದ "ಯವ್ವಾ" ಅಂದ. ಅವಳು ಇನ್ನೊಮ್ಮೆ ಹೊಡೆದಳು, ಭುಜಕ್ಕೆ. ಅವನು ಕುಸಿದ.

"ಏಯ್ ಹುಚ್ಚಿ, ಮಗನ್ನ ಕೊಲ್ತೀಯೇನು," ಎಂದು ಪಂಪಣ್ಣ ಮುಂದೆ ಬಂದ.

"ನೀ ಬೀಡಿ ಸೇದಾಕ ಹೋಗು," ಅಂದಳು ಮಾರೆವ್ವ. ಹಂಚು ಇನ್ನೂ ಅವಳ ಕೈಯಲ್ಲಿತ್ತು. ಪಂಪಣ್ಣ ನಿಂತಲ್ಲೇ ನಿಂತ. ಸೆರಗು ಕಮರಿ ಹೊಗೆ ಬರುತ್ತಿತ್ತು, ಅವಳ ಬೆರಳಿಗೆ ಬೊಬ್ಬೆ ಎದ್ದಿದ್ದವು. ಸಹನಾ ತೆವಳಿ ಬಂದು ಬಿಂದಿಗೆಯ ನೀರನ್ನು ಅತ್ತೆಯ ಕೈಗೆ ಸುರಿದಳು.

ಗಂಗಾವತಿಯ ಆಸ್ಪತ್ರೆಯಲ್ಲಿ ಅಂದು ಅದೇ ಡಾಕ್ಟರಮ್ಮ ಇದ್ದಳು. ಮೂವರನ್ನೂ ಸಾಲಾಗಿ ಕೂರಿಸಿದ್ದರು. ಒಬ್ಬನ ಕೈ ಮುರಿದು ಸುಟ್ಟಿತ್ತು, ಒಬ್ಬಳು ಪಕ್ಕೆ ಹಿಡಿದುಕೊಂಡಿದ್ದಳು, ಒಬ್ಬಳ ಅಂಗೈ ಬೆಂದಿತ್ತು. ಪಂಪಣ್ಣ ಬಾಗಿಲಲ್ಲಿ ನಿಂತಿದ್ದ. ಡಾಕ್ಟರಮ್ಮನಿಗೆ ಗುರುತು ಹತ್ತಿತು.

"ಮತ್ತೆ ಟಗರೇನಮ್ಮ?"

"ಅಲ್ರಿ ಮೇಡಮ್ಮಾರ," ಅಂದ ಪಂಪಣ್ಣ ಅವಸರವಾಗಿ. "ಹುಡುಗ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾನ್ರಿ. ಹಿಡಿಯಾಕ ಹೋಗಿ ಇವರಿಗೂ ಪೆಟ್ಟಾಗೈತಿ."

ಗಾಳೇಶ ಅವ್ವನ ಮುಖ ನೋಡಿದ. ಅಷ್ಟಾದ ಮೇಲೂ ಆ ನೋಟದಲ್ಲಿ ಭರವಸೆ ಇತ್ತು, ಅವ್ವ ಹೌದ್ರಿ ಅನ್ನುತ್ತಾಳೆ ಎಂದು. ಮಾರೆವ್ವ ಅವನ ಬಾಯಿ ನೋಡಿದಳು. ತಾನು ತುತ್ತು ಕೊಟ್ಟ ಬಾಯಿ ಅದು. ಅವಳು ಮಗನ ಕಡೆ ನೋಡುವುದನ್ನು ಬಿಟ್ಟು ಡಾಕ್ಟರಮ್ಮನ ಕಡೆ ತಿರುಗಿದಳು.

"ಯಾರೂ ಬಿದ್ದಿಲ್ರಿ. ಇವನ ಕೈ ಮುರದಾಕಿ ನಾನು. ಕಾದ ಹಂಚಿಲೆ ಹೊಡದೀನಿ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಯಾಕೆ?"

"ಅವತ್ತು ಸೊಸಿ ಪಕ್ಕಿ ಟಗರು ಮುರೀತು ಅಂತ ನಿಮಗ ನಾನ ಹೇಳಿದ್ದೆ. ಟಗರು ಮುರದಿಲ್ರಿ. ಇಂವ ಮುರದದ್ದು, ನನ್ನ ಮಗ. ಇವತ್ತೂ ಅಲ್ಲೇ ಒದ್ದಾನ." ಅವಳು ಮೇಜಿನ ಹತ್ತಿರ ಸರಿದಳು. "ಮೊದಲ ಅದನ್ನ ಬರ್ಕೋರಿ. ಆಮ್ಯಾಲ ನನ್ನದು ಬರ್ಕೋರಿ. ಎರಡಕ್ಕೂ ನಾನ ಹೆಬ್ಬಟ್ಟು ಒತ್ತೀನಿ. ಪೊಲೀಸರು ಬಂದ್ರ ಇಬ್ರನ್ನೂ ಒಯ್ಯಲಿ, ಅಕಿ ಒಬ್ಬಾಕಿ ಕೂಸಿನ ಕೂಡ ಮನ್ಯಾಗ ಇರ್ತಾಳ."

"ಯವ್ವಾ," ಅಂದ ಗಾಳೇಶ.

ಅವಳು ಬೆಂದ ಕೈಯನ್ನು ಮೇಜಿನ ಮೇಲಿಟ್ಟು, ಹೆಬ್ಬೆಟ್ಟು ಮುಂದೆ ಮಾಡಿಕೊಂಡು ಕಾಯುತ್ತ ಕೂತಳು.